ಪಲ್ಪರ್ ಮನೆಯ ಎಂ.ಜಿ. ಕಾರು

ಏಪ್ರಿಲ್ 10, ಬುಧವಾರ

ಈ ಪುಸ್ತಕದಲ್ಲಿ ಕಾರಿನ ಕೆಲಸದ ಬಗ್ಗೆ ಮಾತ್ರ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಮನೆ ಮಾತು, ತೋಟದ ಮಾತು ಇಲ್ಲಿ ಬೇಡ.

ಇವತ್ತು ಎಂ.ಜಿ.ಯನ್ನು ಪಲ್ಪರ್ ಮನೆಗೆ ತಂದೆವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಇರುವ ಶೆಡ್ ಅದು. ಕೊಯ್ಲು ಮುಗಿದರೆ ನವೆಂಬರ್‌ವರೆಗೆ ಖಾಲಿ. ಸಿಮೆಂಟು ನೆಲ, ಕರೆಂಟು ಇದೆ, ಮೇಲಿನ ತೊಲೆಗೆ ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಬಹುದು. ನಾನು ಜೀಪಿನಲ್ಲಿ ಎಳೆದೆ, ಹಿಂದೆ ಎಂ.ಜಿ.ಯ ಸ್ಟಿಯರಿಂಗ್ ಹಿಡಿದು ಬಾಲು ಕೂತಿದ್ದ. ನನ್ನ ಜೊತೆ ಹೈಸ್ಕೂಲು ಓದಿದವನು, ಸಕಲೇಶಪುರದಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಕಾರಿಗೆ ಹಾರ್ನ್ ಇಲ್ಲವೆಂದು ದಾರಿಯುದ್ದಕ್ಕೂ ಬಾಯಲ್ಲೇ ಹಾರ್ನ್ ಹೊಡೆದ. ಐವತ್ತೈದಾದರೂ ಅವನಿಗೆ ಬುದ್ಧಿ ಬಂದಿಲ್ಲ. ನನಗೂ ಅಷ್ಟೇ ವಯಸ್ಸು. ನನಗೆ ಬಂದಿದೆ ಅಂದುಕೊಂಡಿದ್ದೇನೆ.

ಕಾರು ವಿದೇಶಿ, ಎರಡು ಸೀಟಿನದು, ಅರವತ್ತರ ದಶಕದ್ದು, ನನ್ನ ಸೊಂಟದ ಎತ್ತರಕ್ಕೂ ಬರುವುದಿಲ್ಲ. ಪಕ್ಕದ ಎಸ್ಟೇಟಿನ ಸ್ಟೋರಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ಎಷ್ಟೋ ವರ್ಷ ಬಿದ್ದಿತ್ತು. ಎಂಜಿನ್ ಕಚ್ಚಿಕೊಂಡು ನಿಂತಿದೆ, ವೈರುಗಳನ್ನು ಇಲಿ ತಿಂದಿವೆ, ಬಾಡಿ ಮಾತ್ರ ಗಟ್ಟಿ. ಇದಕ್ಕೆ ಜಿಪ್ಸಿ ಜೀಪಿನ ಎಂಜಿನ್ ಕೂರಿಸುವುದು ನನ್ನ ಯೋಜನೆ. ರ‍್ಯಾಲಿಯಲ್ಲಿ ಪಲ್ಟಿ ಹೊಡೆದ ಜಿಪ್ಸಿಯೊಂದರ ಎಂಜಿನ್ನೂ ಗೇರ್‌ಬಾಕ್ಸೂ ಬಾಲುವಿನ ಗ್ಯಾರೇಜಿನ ಮೂಲೆಯಲ್ಲಿವೆ.

ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ವೀರಯ್ಯ ಬಾಗಿಲಲ್ಲಿ ನಿಂತು ನೋಡಿದ. ಪಲ್ಪರ್ ಮನೆ ತನ್ನದೇ ಅನ್ನುವ ಭಾವನೆ ಅವನಿಗೆ.

"ಯಜಮಾನ್ರೆ, ಕೊಯ್ಲಿಗೆ ಮುಂಚೆ ಇದು ಇಲ್ಲಿಂದ ಎದ್ದು ಹೋಗ್ತೈತಾ?"

"ತಾನೇ ಓಡ್ಕೊಂಡು ಹೋಗ್ತೈತೆ ಕಣಯ್ಯ" ಅಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಏಪ್ರಿಲ್ 16, ಮಂಗಳವಾರ

ಎಂಜಿನ್ ಕೂರಿಸಲು ಕಬ್ಬಿಣದ ಪ್ಲೇಟು ಕತ್ತರಿಸಿಕೊಂಡು ಬರಲು ಹಾಸನಕ್ಕೆ ಹೋಗಿದ್ದೆ. ಹೋದವನು ಕನ್ನಡಕವನ್ನೂ ಬದಲಿಸೋಣವೆಂದು ಕಣ್ಣಿನ ಡಾಕ್ಟರ ಹತ್ತಿರ ಹೋದೆ.

ಅಲ್ಲಿ ಬಟ್ಟಲಿನಂಥ ಯಂತ್ರವೊಂದರಲ್ಲಿ ಗಲ್ಲ ಇಡಿಸಿ ಕೈಗೊಂದು ಸ್ವಿಚ್ ಕೊಟ್ಟರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಸ್ವಿಚ್ ಒತ್ತಬೇಕು. ಯಂತ್ರ ಒಳ್ಳೆಯದು, ಸ್ವಿಚ್ಚಿನ ಸ್ಪ್ರಿಂಗ್ ಮಾತ್ರ ಸ್ವಲ್ಪ ಸಡಿಲ. ನಾನು ಒತ್ತಿದ್ದಕ್ಕಿಂತ ಸುಮ್ಮನೆ ಕಾದದ್ದೇ ಹೆಚ್ಚು. ಬೆಳಕು ಬರುವುದೇ ನಿಂತುಹೋಯಿತು, ಯಂತ್ರ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ.

ಗ್ಲಾಕೋಮ ಅಂತ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಾ ಬರುತ್ತದಂತೆ. ಅಂಚಿನದು ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಹಾಗಾಗಿ ಓದುವುದಕ್ಕೆ ತೊಂದರೆ ಇಲ್ಲ, ಹೋಗಿರುವುದು ಗೊತ್ತೂ ಆಗುವುದಿಲ್ಲ. ನನಗೆ ಎಡಗಡೆ ಬಹಳ ಹೋಗಿದೆ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು, ತಿಂಗಳಿಗೊಮ್ಮೆ ಬರಬೇಕು, ಗಾಡಿ ಓಡಿಸಬಾರದು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಚೆನ್ನಾಗಿ ಬಿಡಿಸಿ ಹೇಳಿದರು. "ಯಾರ ಜೊತೆ ಬಂದಿದೀರಿ?" ಎಂದು ಕೇಳಿದರು. ಡ್ರೈವರ್ ಹೊರಗಿದ್ದಾನೆ ಅಂದೆ. ಹೊರಗಿದ್ದದ್ದು ಜೀಪು ಮಾತ್ರ.

ಪ್ಲೇಟುಗಳು ಅಳತೆಗೆ ಸರಿಯಾಗಿ ಬಂದಿವೆ.

ಏಪ್ರಿಲ್ 18, ಗುರುವಾರ

ಕಾರಿನ ಬಗ್ಗೆ ಮಾತ್ರ ಬರೆಯುವುದೆಂದು ನಾನೇ ಹೇಳಿಕೊಂಡಿದ್ದೇನೆ. ಆದರೂ ಒಂದು ಮಾತು ಬರೆದುಬಿಡುತ್ತೇನೆ.

ಜಗದಾಂಬಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹೆಂಡತಿಗೆ ಹೇಳಿದರೆ ಮೊದಲು ಜೀಪಿನ ಕೀ ಹೋಗುತ್ತದೆ, ಆಮೇಲೆ ಎಂ.ಜಿ. ಹೋಗುತ್ತದೆ, ಆಮೇಲೆ ಯಾರೋ ನನ್ನ ಮೊಣಕೈ ಹಿಡಿದು ಮೆಟ್ಟಿಲು ಇಳಿಸಲು ಬರುತ್ತಾರೆ. ವನಗೂರಿನ ಇಳಿಜಾರಿನಲ್ಲಿ ಲೋಡು ಜೀಪನ್ನು ರಿವರ್ಸಿನಲ್ಲಿ ಇಳಿಸಿದವನು ನಾನು. ಈ ಸುತ್ತಿನಲ್ಲಿ ರಾಜಶೇಖರ್ ಅಂದರೆ ಜನಕ್ಕೆ ನೆನಪಾಗುವುದು ನನ್ನ ತೋಟವಲ್ಲ, ನನ್ನ ಡ್ರೈವಿಂಗು. ಎಂ.ಜಿ.ಯನ್ನು ನಾನೇ ಕಟ್ಟಬೇಕು, ನಾನೇ ಸಕಲೇಶಪುರದವರೆಗೆ ಓಡಿಸಬೇಕು. ಅದೊಂದು ಆಗಿಬಿಡಲಿ. ಆಮೇಲೆ ಯಾರಿಗೆ ಏನು ಹೇಳಬೇಕೋ ಹೇಳುತ್ತೇನೆ.

ಡ್ರಾಪ್ಸ್ ಬಾಟಲಿಯನ್ನು ಫ್ಯೂಸುಗಳ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಮೇ 5, ಭಾನುವಾರ

ಹಳೆ ಎಂಜಿನ್ ಇಳಿಯಿತು, ಹೊಸದು ಏರಿತು. ಏರಿತು ಅನ್ನುವುದಕ್ಕಿಂತ ಇಣುಕಿ ನೋಡಿತು ಅನ್ನಬೇಕು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಸಂಪು ಮುಂದಿನ ಅಡ್ಡಪಟ್ಟಿಯ ಮೇಲೆ ಹೋಗಿ ಕೂರುತ್ತದೆ. ಚೈನ್ ಬ್ಲಾಕಿನಲ್ಲಿ ಎತ್ತಿ ಇಳಿಸಿ, ಮತ್ತೆ ಎತ್ತಿ ಇಳಿಸಿ ಬಾಲುವಿಗೆ ರೇಗಿಹೋಯಿತು.

"ಲೋ ರಾಜ, ಎಡಗಡೆ ಎಷ್ಟು ಜಾಗ ಐತೆ ನೋಡೋ."

ನೋಡಿದೆ. "ಬೆರಳು ಹೋಗ್ತೈತೆ" ಅಂದೆ.

ಅವನೇ ಸುತ್ತಿಕೊಂಡು ಬಂದು ಬಗ್ಗಿ ನೋಡಿದ. "ಎಲ್ಲೋ ಹೋಗ್ತೈತೆ? ಪೆಟ್ರೋಲ್ ಪೈಪ್ ಒತ್ಕೊಂಡ್ಬುಟ್ಟೈತೆ ಕಣೋ ಮಾರಾಯ."

ಹೌದು, ಒತ್ತಿಕೊಂಡಿತ್ತು. ಶೆಡ್ಡಿನಲ್ಲಿ ಬೆಳಕು ಸಾಲದು. ಇನ್ನೆರಡು ಟ್ಯೂಬ್‌ಲೈಟ್ ಹಾಕಿಸಬೇಕು. ಸಂಪನ್ನು ಕತ್ತರಿಸಿ ಬೆಸುಗೆ ಹಾಕಬೇಕು. ಗೇರ್‌ಬಾಕ್ಸ್ ಕೂರುವ ಜಾಗವನ್ನೂ ಬಡಿದು ಅಗಲ ಮಾಡಬೇಕು. ಕೆಲಸ ಬೇಕಾದಷ್ಟಿದೆ, ಅದೇ ನನಗೆ ಬೇಕಾಗಿರುವುದು.

ಮೇ 19, ಭಾನುವಾರ

ಜೀಪಿನ ಎಡಗಡೆಯ ಮಡ್‌ಗಾರ್ಡು ನಮ್ಮ ಗೇಟಿನ ಕಂಬಕ್ಕೆ ಉಜ್ಜಿತು. ಆ ಕಂಬ ಮೊದಲಿನಿಂದಲೂ ದಾರಿಗೆ ಚಾಚಿಕೊಂಡೇ ಇತ್ತು.

ಜಗದಾಂಬ ಜಗಲಿಯಿಂದ ನೋಡಿದಳು. "ಮೂವತ್ತು ವರ್ಷದಿಂದ ಅಲ್ಲೇ ಐತಲ್ರೀ ಅದು" ಅಂದಳು.

ಕಂಬವನ್ನು ಕಿತ್ತು ಹಿಂದಕ್ಕೆ ನೆಡಿಸಲು ವೀರಯ್ಯನಿಗೆ ಹೇಳಿದ್ದೇನೆ.

ಜೂನ್ 9, ಭಾನುವಾರ

ಬ್ರೇಕಿನ ಪೈಪುಗಳಿಂದ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ನಟ್ಟು ಸಡಿಲಿಸಿ ಬಿಗಿ ಮಾಡಬೇಕು. ಬಾಲು ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗಿದ್ದ. ಜಗದಾಂಬಳನ್ನು ಕರೆದೆ. ಒಲೆ ಮೇಲೆ ಸಾರಿದೆ, ಬೇಗ ಮುಗಿಸಿ ಎಂದು ಹೇಳುತ್ತಲೇ ಬಂದಳು. ಕೂತರೆ ಅವಳ ಕಾಲು ಪೆಡಲಿಗೆ ಎಟುಕಲಿಲ್ಲ.

"ಇದೇನ್ರೀ, ಮಲಗ್ಕೊಂಡು ಓಡ್ಸೋ ಕಾರಾ?"

ಬೆನ್ನಿಗೆ ದಿಂಬು ಕೊಟ್ಟೆ, ಸಾಲಲಿಲ್ಲ. ಸೀಟಿನ ಹಳಿಗೆ ಮುಂದೆ ಹೊಸ ತೂತು ಕೊರೆದು, ಸೀಟನ್ನು ಮುಂದಕ್ಕೆ ಜರುಗಿಸಿ ಬೋಲ್ಟು ಹಾಕಿದೆ. ಆಮೇಲೆ ಕೆಲಸ ಸಲೀಸಾಯಿತು. ತುಳಿ ಅಂದರೆ ತುಳಿಯುತ್ತಾಳೆ, ಹಿಡಿ ಅಂದರೆ ಹಿಡಿಯುತ್ತಾಳೆ, ನಾನು ಹೇಳುವ ಮೊದಲು ಬಿಡುವುದಿಲ್ಲ. ಬಾಲುವಿಗೆ ಈ ಶಿಸ್ತಿಲ್ಲ. ಮುಗಿಯುವಷ್ಟರಲ್ಲಿ ಸಾರು ತಳ ಹಿಡಿದಿತ್ತು, ಹಾಗೆಯೇ ಉಂಡೆವು.

ಸೀಟು ಮುಂದೆಯೇ ಇರಲಿ, ಅವಳು ಮತ್ತೆ ತುಳಿಯಬೇಕಾಗಿ ಬಂದರೆ ಅನುಕೂಲ. ನನಗೆ ಬೇಕಾದಾಗ ಹಿಂದಕ್ಕೆ ಹಾಕಿಕೊಂಡರಾಯಿತು.

ಜೂನ್ 22, ಶನಿವಾರ

ವೈರಿಂಗ್ ಶುರು. ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ, ಅದರ ಮೇಲೆ ಚಾಕ್‌ಪೀಸಿನಲ್ಲಿ ಕಾರಿನ ಆಕಾರ ಬರೆದು, ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ವೈರು ಎಳೆಯುತ್ತಿದ್ದೇನೆ. ಎಲ್ಲ ಎಳೆದ ಮೇಲೆ ಒಟ್ಟು ಸೇರಿಸಿ ಟೇಪು ಸುತ್ತಿದರೆ ಕಾರಿನೊಳಗೆ ಹಾಗೆಯೇ ಹಾಸಬಹುದು. ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆಯದೇ ಒಂದು ದಪ್ಪ ಕಟ್ಟು, ದೀಪಗಳದು ಇನ್ನೊಂದು.

ಜಗದಾಂಬ ಕಾಫಿ ತಂದವಳು ನಿಂತು ನೋಡಿದಳು. "ಮನೇಲಿ ಒಬ್ಬರಿಗೂ ಜಡೆ ಹಾಕ್ದೋರಲ್ಲ, ಈಗ ಕಲೀತಿದೀರಾ?"

ಆಮೇಲೆ ಮುಂದುಗಡೆ ಜೋಡಿಸಿಟ್ಟಿದ್ದ ದೀಪಗಳನ್ನು ನೋಡಿ, ಇಷ್ಟೆಲ್ಲ ಯಾಕೆ, ಇದೇನು ಮದುವೆ ಮನೆಯೇ ಅಂದಳು. ಕಾರಿನದೇ ಎರಡು, ಕೆಳಗೆ ಮಂಜಿಗೆ ಎರಡು, ಮೇಲೆ ದೂರಕ್ಕೆ ಎರಡು, ರಸ್ತೆಯ ಅಂಚು ಕಾಣಲೆಂದು ಪಕ್ಕಕ್ಕೆ ತಿರುಗಿಸಿದ್ದು ಇನ್ನೆರಡು. ಘಾಟಿ ರಸ್ತೆಗೆ ಬೇಕಾಗುತ್ತದೆ. ಕನ್ನಡಿಗಳನ್ನೂ ದೊಡ್ಡವು ತರಿಸುತ್ತಿದ್ದೇನೆ.

ಜುಲೈ 14, ಭಾನುವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಬಾಡಿಯ ಕಬ್ಬಿಣಕ್ಕೆ ಕಟ್ಟುತ್ತಾರೆ. ಆ ಕಾಲದ ಎಂ.ಜಿ.ಯಲ್ಲಿ ಪ್ಲಸ್ ತುದಿಯನ್ನು ಕಟ್ಟುತ್ತಿದ್ದರು. ಅದನ್ನು ಹೇಳುವ ಸಣ್ಣ ಹಿತ್ತಾಳೆ ಪಟ್ಟಿಯೊಂದು ಬ್ಯಾಟರಿ ಇಡುವ ಜಾಗದ ಪಕ್ಕದಲ್ಲಿತ್ತು. ಜಿಪ್ಸಿ ಎಂಜಿನ್ ಬಂದ ಮೇಲೆ ಅದರ ಮಾತಿಗೆ ಅರ್ಥವಿಲ್ಲ. ಬಿಸಾಡಬೇಕಿತ್ತು. ನಾನು ಅದನ್ನು ಬಿಚ್ಚಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಫಳಫಳ ಮಾಡಿ, ಚೆನ್ನಾಗಿ ಕಾಣುತ್ತದೆಂದು ಮತ್ತೆ ಅಲ್ಲೇ ಸ್ಕ್ರೂ ಹಾಕಿದ್ದೆ. ಬಾಲು ಬ್ಯಾಟರಿ ತಂದ, ಪಟ್ಟಿ ಓದಿದ, ಅದು ಹೇಳಿದ ಹಾಗೆ ಕಟ್ಟಿದ. ಕಂಪ್ಯೂಟರ್ ಪೆಟ್ಟಿಗೆಯಿಂದ ಊದಿನಕಡ್ಡಿಯಷ್ಟು ಹೊಗೆ ಎದ್ದಿತು. ಅಷ್ಟೇ, ಪೆಟ್ಟಿಗೆ ಸತ್ತಿತು.

"ನೀನು ಬೋರ್ಡ್ ಹಾಕಿದೀಯ, ನಾನು ಓದಿದೀನಿ. ತಪ್ಪು ಯಾರದು ಹೇಳು" ಅಂದ ಬಾಲು.

"ನಿನ್ನ ತಲೆ ಎಲ್ಲಿತ್ತೋ?"

"ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲೋ. ಕೆಂಪು ಕೇಬಲ್ ಬಾಡಿಗೆ ಹಾಕ್ತಿರೋದು ಕಾಣ್ಲಿಲ್ವಾ?"

ನಿಂತಿದ್ದೆ. ಅವನು ನನ್ನ ಎಡಕ್ಕಿದ್ದ. ಬಾಲು ಮುನಿಸಿಕೊಂಡು ಹೋದ.

ಜುಲೈ 15, ಸೋಮವಾರ

ಪಟ್ಟಿ ಕಿತ್ತೆ.

ಆಗಸ್ಟ್ 11, ಭಾನುವಾರ

ಸರಿಯಾಗಿ ನಾಲ್ಕು ವಾರದ ಮೇಲೆ ಬಾಲು ಬಂದ, ಏನೂ ಆಗದವನ ಹಾಗೆ. ಮಂಗಳೂರಿನ ಗುಜರಿಯಲ್ಲಿ ಇನ್ನೊಂದು ಪೆಟ್ಟಿಗೆ ಹುಡುಕಿ ತಂದಿದ್ದ. ನಾನೂ ಏನೂ ಆಗದವನ ಹಾಗೆ ತೆಗೆದುಕೊಂಡೆ.

ಈಚೆಗೆ ಪೇಟೆಗೆ ಹೋಗುವಾಗ ಜೀಪನ್ನು ಜಗದಾಂಬಳೇ ಓಡಿಸುತ್ತಾಳೆ. ಅವಳಿಗೆ ಮೊದಲಿನಿಂದಲೂ ಓಡಿಸಲು ಬರುತ್ತಿತ್ತು, ನಾನು ಬಿಡುತ್ತಿರಲಿಲ್ಲ ಅಷ್ಟೇ. ವೈರಿಂಗಿನ ಬಗ್ಗೆ ಯೋಚಿಸಲು ನನಗೆ ಪುರುಸೊತ್ತು ಸಿಗುತ್ತದೆ. ತಿರುವಿನಲ್ಲಿ ಗೇರು ಬದಲಿಸುವುದು ಸ್ವಲ್ಪ ತಡ ಮಾಡುತ್ತಾಳೆ, ಮೇಲೆ ಬರುವ ಗಾಡಿಗೆ ದಾರಿ ಬಿಡುವುದರಲ್ಲಿ ನನಗಿಂತ ವಾಸಿ. ಹೇಳಿಲ್ಲ.

ಫ್ಯೂಸುಗಳ ಡಬ್ಬಿಯಲ್ಲಿದ್ದ ಡ್ರಾಪ್ಸ್ ಅವಳ ಕಣ್ಣಿಗೆ ಬಿತ್ತು. ಬೆಸುಗೆಯ ಹೊಗೆಗೆ ಕಣ್ಣು ಉರಿಯುತ್ತದೆ, ಅದಕ್ಕೆ ಅಂದೆ. ಬಾಟಲಿ ಖಾಲಿಯಾಗುತ್ತಾ ಬಂದಿದೆ. ಡಾಕ್ಟರು ತಿಂಗಳಿಗೊಮ್ಮೆ ಬರಲು ಹೇಳಿದ್ದರು. ಒಂದು ಸಲವೂ ಹೋಗಿಲ್ಲ. ಹೋದರೆ ಮತ್ತೆ ಆ ಯಂತ್ರದಲ್ಲಿ ಗಲ್ಲ ಇಡಿಸುತ್ತಾರೆ.

ಆಗಸ್ಟ್ 25, ಭಾನುವಾರ

"ಇಷ್ಟು ಲೈಟ್ ಯಾಕೋ? ಎಲ್ಲಾ ಒಟ್ಟಿಗೆ ಹಾಕಿದ್ರೆ ಆಲ್ಟರ್ನೇಟರ್ ತಡೆಯಲ್ಲ" ಅಂದ ಬಾಲು.

"ಘಾಟಿಲಿ ಮಂಜು ಕಣೋ."

"ಮಂಜು ನಿನ್ನೆ ಮೊನ್ನೆ ಬಂತಾ? ಒಂದು ಲೈಟಿನ ಬೈಕಲ್ಲಿ ಇಬ್ಬರೂ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗ್ಬುಟ್ಟು ಬಂದಿಲ್ವಾ?" ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದ. "ಕಣ್ಣು ತೋರಿಸ್ಕೊಂಡ್ಯಾ?"

"ತೋರಿಸ್ದೆ. ಕನ್ನಡಕ ಬದಲಾಯಿಸ್ಬೇಕಂತೆ."

"ಮತ್ತೆ ಬದಲಾಯಿಸಿಲ್ಲ?"

ಅವನ ಸಮಾಧಾನಕ್ಕೆ ಪಕ್ಕದ ಎರಡು ದೀಪ ಬಿಚ್ಚಿದೆ. ಅವನು ಹೋದ ಮೇಲೆ ಮತ್ತೆ ಹಾಕಿದೆ.

ಸೆಪ್ಟೆಂಬರ್ 15, ಭಾನುವಾರ

ಎಂಜಿನ್ ಶುರುವಾಯಿತು.

ಕೀ ತಿರುಗಿಸಿದಾಗ ಮೊದಲು ಪೆಟ್ರೋಲ್ ಪಂಪು ಗುಂಯ್ ಅಂದಿತು. ಆಮೇಲೆ ಸ್ಟಾರ್ಟರ್ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಹಿಡಿದುಕೊಂಡಿತು. ಶೆಡ್ಡಿನ ತಗಡೆಲ್ಲ ಅದುರಿತು. ಬಾಲು ನನ್ನನ್ನು ತಬ್ಬಿಕೊಂಡ, ಅವನ ಅಂಗಿಯ ಗ್ರೀಸು ನನ್ನ ಅಂಗಿಗಾಯಿತು. ಜಗದಾಂಬ ಮನೆಯಿಂದ ಓಡಿಬಂದಳು, ಕೈಯಲ್ಲಿ ಹಿಟ್ಟು ಹಾಗೆಯೇ ಇತ್ತು. ವೀರಯ್ಯ ಮಾತ್ರ ಕಿವಿ ಮುಚ್ಚಿಕೊಂಡು, "ಪಲ್ಪರ್ರೇ ವಾಸಿ ಬುಡಿ" ಅಂದ.

ಸಂ‍ತೋಷವಾಯಿತು. ತುಂಬ ಸಂತೋಷವಾಯಿತು. ಬಹಳ ಹೊತ್ತು ಆಫ್ ಮಾಡದೆ ಕೇಳುತ್ತಾ ಕೂತಿದ್ದೆ.

ಸೆಪ್ಟೆಂಬರ್ 28, ಶನಿವಾರ

ಕ್ಲಚ್ ಕೆಲಸ. ಜಗದಾಂಬ ತುಳಿದು ನೋಡಿ, ಗಟ್ಟಿ ಅಂದಳು. "ನಿಮ್ಮ ಜೀಪೇ ಎಷ್ಟೋ ಮೇಲು. ಇದನ್ನ ತುಳಿಯೋಕೆ ಎರಡು ಕಾಲು ಬೇಕು."

ಹಾಗೇನಿಲ್ಲ, ನನಗೆ ಸರಿಯಾಗಿಯೇ ಇತ್ತು. ಆದರೂ ಕ್ಲಚ್ಚಿನ ಸಿಲಿಂಡರು ಬಿಚ್ಚಿ ಸಣ್ಣದು ಹಾಕಿದೆ. ಪೆಡಲಿನ ಸನ್ನೆಕೋಲನ್ನೂ ಉದ್ದ ಮಾಡಿದೆ. ವಾರವೆಲ್ಲ ಇದೇ ಆಯಿತು. ಮತ್ತೆ ಕೂರಿಸಿದಾಗ, ಈಗ ಬೆಣ್ಣೆ ಹಾಗಿದೆ ಅಂದಳು. ಕೂತಿದ್ದವಳ ಕಣ್ಣಿನ ಎತ್ತರಕ್ಕೆ ನಡುವಿನ ಕನ್ನಡಿಯನ್ನೂ ಕೂರಿಸಿಬಿಟ್ಟೆ, ಡ್ರಿಲ್ಲು ಹೇಗೂ ಕೈಯಲ್ಲಿತ್ತು. ಸೀರೆಯ ನೆರಿಗೆ ಸಿಕ್ಕದಿರಲೆಂದು ಹ್ಯಾಂಡ್‌ಬ್ರೇಕಿನ ಪಕ್ಕದ ತಗಡಿನ ಅಂಚು ಮಡಿಸಿದೆ. ಯಾರೇ ಕೂತರೂ ಚೂಪು ಅಂಚು ಒಳ್ಳೆಯದಲ್ಲ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಪಲ್ಪರ್, ಸ್ಪ್ರೇ ಮಿಷನ್ನು, ಜೀಪು, ಎಂ.ಜಿ. ಎಲ್ಲಕ್ಕೂ ಪೂಜೆಯಾಯಿತು. ಕೂಲಿ ಲೈನಿನ ಮನೆಗಳಿಂದ ಆಳುಗಳೆಲ್ಲ ಬಂದಿದ್ದರು. ಪೂಜೆ ಮುಗಿದು ಪುರಿ, ಬಾಳೆಹಣ್ಣು ಹಂಚಿದ ಮೇಲೆ, ಎಂ.ಜಿ.ಯನ್ನು ಕಾಫಿ ಒಣಗಿಸುವ ಕಣದಲ್ಲಿ ಒಂದು ಸುತ್ತು ಹೊಡೆಸಿ ಎಂದು ಎಲ್ಲರೂ ಹಿಡಿದುಕೊಂಡರು.

ಕೂತೆ. ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತಿತ್ತು, ಸೀಟು ಹಿಂದಕ್ಕೆ ಹಾಕುವುದು ಮರೆತೇಹೋಗಿತ್ತು. ಕನ್ನಡಿಯಲ್ಲಿ ಆಕಾಶ ಕಾಣುತ್ತಿತ್ತು. ಕಣದ ಈ ತುದಿಯಿಂದ ಆ ತುದಿಗೆ ಹೋಗಿ, ಎಡಕ್ಕೆ ತಿರುಗಿಸಿದೆ. ಕಾರು ಬಹಳ ಚೆನ್ನಾಗಿ ತಿರುಗಿತು. ಯಾರೋ ಕೂಗಿದರು. ಖುಷಿಗೆ ಕೂಗಿದ್ದೆಂದುಕೊಂಡೆ. ಚಕ್ರದ ಕೆಳಗೆ ಏನೋ ಮುರಿದ ಸದ್ದಾಯಿತು, ನಿಲ್ಲಿಸಿದೆ.

ಕಣದ ಅಂಚಿನಲ್ಲಿ ಈರಮ್ಮ ಕಾಲು ಚಾಚಿ ಕೂತು ಪುರಿ ತಿನ್ನುತ್ತಿದ್ದಳಂತೆ. ನಮ್ಮ ತೋಟದಲ್ಲಿ ನಾನು ಮದುವೆಯಾಗುವ ಮೊದಲಿನಿಂದ ಕೆಲಸ ಮಾಡುತ್ತಿರುವವಳು. ಕಾಲು ಎಳೆದುಕೊಂಡಳು. ತಟ್ಟೆ ಚಪ್ಪಟೆಯಾಯಿತು, ಕೊಡೆ ಮುರಿಯಿತು.

"ನನ್ನ ಕಡೇನೇ ನೋಡ್ಕಂಡು ಬಂದ್ರಲ್ಲ, ತಮಾಸೆ ಮಾಡ್ತಾವ್ರೆ ಅಂದ್ಕಂಡೆ" ಅಂದಳು ಈರಮ್ಮ. ನಗುತ್ತಲೇ ಹೇಳಿದಳು. ಎಲ್ಲರೂ ನಕ್ಕರು. ಬಾಲು ನಗಲಿಲ್ಲ, ಜಗದಾಂಬಳೂ ನಗಲಿಲ್ಲ. ಬಿಸಿಲು ಜೋರಾಗಿತ್ತು.

ಅಕ್ಟೋಬರ್ 12, ಶನಿವಾರ

ಈರಮ್ಮನಿಗೆ ಕೊಡೆ, ತಟ್ಟೆ ಕೊಡಿಸಬೇಕು.

ನಿನ್ನೆ ನಾನು ಅವಳ ಕಡೆ ನೋಡುತ್ತಿದ್ದೆನಂತೆ. ನನಗೆ ಕಣ ಖಾಲಿಯಿತ್ತು. ಕಪ್ಪು ಇರಲಿಲ್ಲ, ಮಬ್ಬು ಇರಲಿಲ್ಲ, ಬರೀ ಸಿಮೆಂಟು ನೆಲ ಕಂಡಿತ್ತು. ಅದನ್ನು ನೆನೆಸಿಕೊಂಡರೆ ಭಯವಾಗುತ್ತದೆ.

ಅಕ್ಟೋಬರ್ 30, ಬುಧವಾರ

ಕಾಫಿ ಹಣ್ಣಾಗುತ್ತಿದೆ. ಪಲ್ಪರ್ ಮನೆ ತೊಳೆಯಬೇಕು ಎಂದು ವೀರಯ್ಯ ದಿನಾ ಬಂದು ಎಂ.ಜಿ.ಯನ್ನೇ ನೋಡಿ ಹೋಗುತ್ತಾನೆ. ಬಾಲು ಫೋನ್ ಮಾಡಿ, ಸಕಲೇಶಪುರಕ್ಕೆ ತಂದು ನನ್ನ ಗ್ಯಾರೇಜಿನಲ್ಲಿಡು, ಎಂಜಿನ್ ಬದಲಾಯಿಸಿದ್ದಕ್ಕೆ ಆರ್‌ಟಿಓ ಕೆಲಸವನ್ನೂ ಅಲ್ಲಿಂದಲೇ ಮಾಡೋಣ ಅಂದ. ಹಬ್ಬ ಮುಗಿದ ಮೇಲೆ ಸೋಮವಾರ ತರುತ್ತೇನೆ ಅಂದೆ.

"ಯಾರು ಓಡಿಸ್ತೀರಿ?" ಅಂತ ಕೇಳಿದ.

ಎಂಥ ಪ್ರಶ್ನೆ. ಸೀಟು ಹಿಂದಕ್ಕೆ ಹಾಕೋಣವೆಂದು ಸ್ಪ್ಯಾನರ್ ಹಿಡಿದು ಶೆಡ್ಡಿಗೆ ಹೋದೆ. ಬೋಲ್ಟು ಸಡಿಲಿಸಿದೆ. ಮತ್ತೆ ಬಿಗಿ ಮಾಡಿ ಬಂದೆ.

ಊಟಕ್ಕೆ ಕೂತಾಗ, ಭುಜ ಹಿಡಿದುಕೊಂಡಿದೆ, ಸೋಮವಾರ ನೀನೇ ಓಡಿಸು ಎಂದು ಜಗದಾಂಬಳಿಗೆ ಹೇಳಿದೆ.

"ಎಂ.ಜಿ.ನಾ? ನಾನಾ?"

"ಹೂಂ."

"ಯಾವ ಭುಜ?"

ಬಲಗಡೆಯದು ಅಂದೆ. ಎದ್ದು ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದಳು. ನೋವಿಲ್ಲದ ಭುಜಕ್ಕೆ ಅಷ್ಟು ಹೊತ್ತು ತಿಕ್ಕಿಸಿಕೊಂಡು ಕೂತಿರುವುದು ಕಷ್ಟದ ಕೆಲಸ.

ನವೆಂಬರ್ 4, ಸೋಮವಾರ

ಇವತ್ತಿನದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮಂಜು ಬಿದ್ದಿತ್ತು. ಕ್ಯಾನ್ವಾಸಿನ ಟಾಪು ಏರಿಸಿದೆವು. ಜಗದಾಂಬ ಹಣೆಗೆ ಈಬತ್ತಿ ಹಚ್ಚಿಕೊಂಡು ಬಂದು ಸ್ಟಿಯರಿಂಗಿಗೂ ಒಂದಿಷ್ಟು ಹಚ್ಚಿದಳು. ಕೂತಳು. ಕಾಲು, ಕೈ, ಕನ್ನಡಿ ಎಲ್ಲ ಅವಳಿಗೆ ಹೊಲಿಸಿದ ಹಾಗೆ ಸರಿಯಾಗಿತ್ತು. ನಾನು ಎಡಗಡೆ ಸೀಟಿನಲ್ಲಿ ಕೂತೆ. ಈ ಏಳು ತಿಂಗಳಲ್ಲಿ ಆ ಸೀಟಿನಲ್ಲಿ ಒಂದು ಸಲವೂ ಕೂತಿರಲಿಲ್ಲ.

ತೋಟದ ದಾರಿ ಏರಿ ವನಗೂರು ರಸ್ತೆ ಸೇರುವ ಕಡೆ ಎರಡೂ ಬದಿಗೆ ಎತ್ತರದ ಮಣ್ಣಿನ ದರೆ ಇದೆ. ಜೀಪಿನಲ್ಲಾದರೆ ಎತ್ತರಕ್ಕೆ ಕೂತಿರುತ್ತೇವೆ, ರಸ್ತೆ ಕಾಣುತ್ತದೆ. ಎಂ.ಜಿ.ಯಲ್ಲಿ ನೆಲಕ್ಕಂಟಿ ಕೂತಿರುತ್ತೇವೆ, ಮೇಲೆ ಟಾಪು, ಅವಳ ಎಡಕ್ಕೆ ನಾನು ಅಡ್ಡ. ಜಗದಾಂಬ ಏರಿನ ತುದಿಯಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರು ಹಿಡಿದು ನಿಲ್ಲಿಸಿದಳು. ಬಲಕ್ಕೆ ತಾನು ನೋಡಿಕೊಂಡಳು.

"ಎಡಗಡೆ ನೋಡಿ, ಏನಾದ್ರೂ ಬರ್ತೈತಾ?"

ಇದು ಯಾರಾದರೂ ಪಕ್ಕದಲ್ಲಿ ಕೂತವರಿಗೆ ಹೇಳುವ ಮಾತು. ನಾನೇ ಅವಳಿಗೆ ಎಷ್ಟು ಸಲ ಹೇಳಿಲ್ಲ. ಕತ್ತು ತಿರುಗಿಸಿ ನೋಡಿದೆ. ದರೆ ಕಂಡಿತು, ಮಂಜು ಕಂಡಿತು, ಒಂದು ಚೂರು ರಸ್ತೆ ಕಂಡಿತು. ಕಂಡಷ್ಟು ರಸ್ತೆ ಖಾಲಿಯಿತ್ತು. ಹೋಗು ಎಂದು ಹೇಳಲು ಬಾಯಿ ತೆರೆದೆ. ಕಣದಲ್ಲೂ ನನಗೆ ಖಾಲಿಯೇ ಕಂಡಿತ್ತು.

"ನನ್ನ ಕೇಳ್ಬೇಡ" ಅಂದೆ. "ನನಗೆ ಆ ಕಡೆ ಕಾಣಲ್ಲ."

"ಮಂಜಾ?"

"ಮಂಜಲ್ಲ. ಕಣ್ಣು."

ಅವಳು ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿದಳು. ಆಮೇಲೆ ಕೇಳಿಸಿತು, ಎಡಗಡೆಯಿಂದ ಗಾಡಿಯ ಸದ್ದು. ಹಾಲಿನ ವ್ಯಾನು ಬಂದು ನಮ್ಮ ಮೂತಿಯ ಮುಂದೆಯೇ ಹಾದುಹೋಯಿತು. ಕಾರು ನೋಡಿ ಡ್ರೈವರು ಖುಷಿಯಿಂದ ಕೈ ಬೀಸಿದ. ನಾವಿಬ್ಬರೂ ಬೀಸಲಿಲ್ಲ.

"ಯಾವಾಗಿಂದ?" ಅಂದಳು.

"ಹಾಸನದ ಡಾಕ್ಟ್ರು ಏಪ್ರಿಲಲ್ಲಿ ಹೇಳಿದ್ರು. ಅದಕ್ಕೂ ಮೊದಲಿಂದ ಇರ್ಬೇಕು."

ಅವಳು ಸೆರಗಿನಲ್ಲಿ ಮುಂದಿನ ಗಾಜು ಒರೆಸಿದಳು. ಒಳಗಡೆ ಒರೆಸುವಂಥದ್ದೇನೂ ಇರಲಿಲ್ಲ.

"ಏಪ್ರಿಲಿಂದ ಜೀಪ್ ಓಡಿಸಿದ್ರಿ. ನನ್ನ ಕೂರಿಸ್ಕೊಂಡು ಓಡಿಸಿದ್ರಿ. ಈರಮ್ಮನ ಕಾಲ ಮೇಲೆ ಹತ್ತಿಸ್ತಿದ್ರಿ."

"ಹೂಂ."

"ನನಗೊಂದು ಮಾತು ಹೇಳ್ಬೋದಿತ್ತಲ್ರೀ."

"ಹೇಳಿದ್ರೆ ನೀನು ಓಡಿಸೋಕೆ ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ" ಅಂದಳು. ಇಷ್ಟು ವರ್ಷದಲ್ಲಿ ಅವಳಿಗೆ ನನ್ನ ಮೇಲೆ ಬಂದ ಸಿಟ್ಟುಗಳನ್ನು ನಾನು ಬಲ್ಲೆ. ಇದು ಅವುಗಳಲ್ಲಿ ಒಂದಾಗಿರಲಿಲ್ಲ. ನನಗೆ ನಾಚಿಕೆಯಾಯಿತು. ಜೊತೆಗೆ ಮೈ ಹಗುರವಾದಂತೆಯೂ ಆಯಿತು. ಅದನ್ನು ಅವಳಿಗೆ ತೋರಿಸಿಕೊಳ್ಳಲಿಲ್ಲ.

ಅವಳು ಇಳಿದು ರಸ್ತೆಯವರೆಗೆ ನಡೆದು ಹೋದಳು. ಆ ಕಡೆ ಈ ಕಡೆ ನೋಡಿ, ಬಂದು ಕೂತು ಕಾರು ಶುರು ಮಾಡಿ ತಿರುಗಿಸಿದಳು. ಇಳಿಜಾರಿನಲ್ಲಿ ಗೇರು ಸರಿಯಾದ ಹೊತ್ತಿಗೇ ಬದಲಿಸಿದಳು. ಒಂದು ಕಡೆಯೂ ಕ್ಲಚ್ ಗಟ್ಟಿ ಅನ್ನಲಿಲ್ಲ.

ಸಕಲೇಶಪುರದಲ್ಲಿ ಬಾಲು ಗ್ಯಾರೇಜಿನ ಮುಂದೆ ಸೇವಂತಿಗೆ ಹಾರ ಹಿಡಿದು ನಿಂತಿದ್ದ. ಪಕ್ಕದ ಅಂಗಡಿಯವರನ್ನೆಲ್ಲ ಕರೆದು ನಿಲ್ಲಿಸಿದ್ದ. ಸ್ಟಿಯರಿಂಗಿನ ಹಿಂದೆ ಜಗದಾಂಬಳನ್ನು ಕಂಡು ಅವನ ಮುಖ ಅರಳಿತು. ಹಾರ ಎತ್ತಿ ಹಿಡಿದ. ಜಗದಾಂಬ ಹಾರ್ನ್ ಹೊಡೆದಳು, ನಿಲ್ಲಿಸಲಿಲ್ಲ. ಬಾಲು ಹಾರ ಎತ್ತಿದ ಹಾಗೆಯೇ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿಬಂದ.

"ಬಾಲು ನಿಂತಿದ್ದಾನೆ" ಅಂದೆ.

"ನೋಡ್ದೆ. ನನಗೆ ಕಾಣ್ತೈತೆ." ಹಾಸನದ ರಸ್ತೆಗೆ ಹತ್ತಿಸಿ ಟಾಪ್ ಗೇರ್ ಹಾಕಿದಳು. "ಆ ಡಾಕ್ಟ್ರು ಸೋಮವಾರ ಇರ್ತಾರಾ?"

"ಇರ್ತಾರೆ ಅನ್ಸುತ್ತೆ."

ಆಲೂರು ದಾಟುವಾಗ ಬಿಸಿಲು ಬಂತು. ಅವಳು ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, "ಏಪ್ರಿಲಲ್ಲಿ ಅವರು ಏನಂದ್ರು, ಮೊದಲಿಂದ ಹೇಳಿ" ಅಂದಳು.

ಬಟ್ಟಲಿನಂಥ ಯಂತ್ರದಿಂದ ಶುರು ಮಾಡಿ ಹೇಳಿದೆ. ಹಾಸನ ಬಂದರೂ ಮುಗಿದಿರಲಿಲ್ಲ. ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ, ಪೂರ್ತಿ ಹೇಳಿ ಮುಗಿಸುವವರೆಗೂ ಅವಳು ಇಳಿಯಲಿಲ್ಲ.